ಬಣ್ಣ ಬಳಿದ ಮನೆಯನ್ನಷ್ಟೇ ನೋಡಿ ಹಣ ಕೊಡಬೇಡಿ: ದಾವಣಗೆರೆಯಲ್ಲಿ ನಾವು ಮೋಸಹೋದ ಬಗೆ

ದಾವಣಗೆರೆಯ ಹೊರವಲಯದಲ್ಲಿ ಸಾಲಾಗಿ ಕಟ್ಟಿ ಮಾರುತ್ತಿರುವ 48 ಮನೆಗಳಲ್ಲಿ ಒಂದನ್ನು ನಾವು 58 ಲಕ್ಷ ರೂಪಾಯಿಗೆ ಕೊಂಡೆವು. ಕಳೆದ ವರ್ಷ ಫೆಬ್ರುವರಿಯಲ್ಲಿ ಗೃಹಪ್ರವೇಶವಾಯಿತು. ಇಂದು ಅದೇ ಮನೆಯ ಮಲಗುವ ಕೋಣೆಯಲ್ಲಿ ಕಿಟಕಿಯ ಮೂಲೆಯಿಂದ ಚಾವಣಿಯವರೆಗೆ ಓರೆಯಾಗಿ ಏರಿರುವ ಬಿರುಕಿನಲ್ಲಿ ಒಂದು ರೂಪಾಯಿ ನಾಣ್ಯದ ಅಂಚು ಸಲೀಸಾಗಿ ಕೂರುತ್ತದೆ. ಹಿಂಬಾಗಿಲು ಹಾಕಬೇಕಾದರೆ ಭುಜ ಕೊಟ್ಟು ತಳ್ಳಬೇಕು. ಮಳೆ ಬಂದ ರಾತ್ರಿ ಅಡುಗೆಮನೆಯಲ್ಲಿ ಎರಡು ಬಕೆಟ್ ಇಟ್ಟುಕೊಂಡು ಮಲಗುತ್ತೇವೆ. ನನ್ನ ಯಜಮಾನರು 22 ವರ್ಷ ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ನಿಂತು ಕೂಡಿಟ್ಟ ಹಣ, ಶಾಲಾ ಶಿಕ್ಷಕಿಯಾದ ನನ್ನ ಭವಿಷ್ಯನಿಧಿಯಿಂದ ತೆಗೆದ ಹಣ, ಮೇಲೆ ಬ್ಯಾಂಕಿನ 35 ಲಕ್ಷ ಸಾಲ, ಎಲ್ಲವೂ ಆ ಗೋಡೆಗಳಲ್ಲಿ ಹೋಗಿ ಸೇರಿವೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಅದೇ ಜಾಗಕ್ಕೆ ಪ್ರತಿ ಭಾನುವಾರವೂ ಹೊಸ ಹೊಸ ಕುಟುಂಬಗಳು ಮನೆ ನೋಡಲು ಬರುತ್ತಿವೆ.

ಮನೆ ನೋಡಲು ನಾವು ಹೋದದ್ದು ಅದರ ಹಿಂದಿನ ಅಕ್ಟೋಬರಿನಲ್ಲಿ. ಮಾರಾಟದ ಹುಡುಗ ಎಳನೀರು ತರಿಸಿಕೊಟ್ಟು, ರಸ್ತೆಗೆ ಅಂಟಿಕೊಂಡಿದ್ದ ಮಾದರಿ ಮನೆಗೆ ಕರೆದೊಯ್ದ. ಸಾಗುವಾನಿ ಬಾಗಿಲು, ಕನ್ನಡಿಯಂತೆ ಹೊಳೆಯುವ ಟೈಲ್ಸ್, ಚಾವಣಿಯಲ್ಲಿ ಸಾಲು ದೀಪಗಳು. ನಂತರ ಎರಡನೇ ಸಾಲಿನಲ್ಲಿ ನಮಗೆಂದು ಗೊತ್ತುಮಾಡಿದ, ಆಗಷ್ಟೇ ಬಣ್ಣ ಮುಗಿದಿದ್ದ ಮನೆಯನ್ನು ತೋರಿಸಿದ. ಅಲ್ಲಿಂದ ಹಿಂದಿನ ಸಾಲುಗಳ ಕಡೆಗೆ, ಇನ್ನೂ ಗೋಡೆ ಏಳುತ್ತಿದ್ದ ಮನೆಗಳ ಕಡೆಗೆ, ನಾನು ಎರಡು ಹೆಜ್ಜೆ ಇಟ್ಟೆ. ಆಗ ಅವನು ಓಡಿಬಂದು ಅಡ್ಡ ನಿಂತು ಹೇಳಿದ ಮಾತು ಇದು: "ಆ ಕಡೆ ಬ್ಯಾಡ್ರೀ ಮೇಡಂ, ಕೆಸರೈತಿ, ಸೀರಿ ಹಾಳಾಗತೈತಿ. ಅಲ್ಲಿ ನೋಡಾಕೇನೂ ಇಲ್ರೀ, ಎಲ್ಲಾ ಸೇಮ್ ಮನಿನ."

ಹುಡುಗ ಎಷ್ಟು ಮರ್ಯಾದಸ್ಥ ಎಂದು ನಾನು ಯಜಮಾನರಿಗೆ ಹೇಳಿದೆ. ನಾನು ಮೋಸಹೋದ ಕ್ಷಣ ಅದು. ಕರಾರಿಗೆ ಸಹಿ ಹಾಕಿದಾಗಲ್ಲ, ಹಣ ಕೊಟ್ಟಾಗಲೂ ಅಲ್ಲ, ಕೆಸರಿನ ಮಾತು ಕೇಳಿ ಹಿಂದಕ್ಕೆ ತಿರುಗಿದಾಗ. ಎಲ್ಲವೂ ಒಂದೇ ಬಗೆಯ ಮನೆಗಳೆಂದು ಅವನು ಹೇಳಿದ್ದು ಪೂರ್ತಿ ನಿಜ. ಒಂದೇ ನಕ್ಷೆ, ಒಂದೇ ಮೇಸ್ತ್ರಿ, ಒಂದೇ ಲೋಡಿನ ಎಂ ಸ್ಯಾಂಡ್ ಮರಳು, ಒಂದೇ ಅವಸರ. ಹಾಗಿರುವಾಗ ನನ್ನ ಮನೆಯ ಗೋಡೆಗೆ ನುಣುಪಾಗಿ ಬಳಿದ ಪುಟ್ಟಿಯ ಕೆಳಗೆ ಏನಿದೆ ಎಂಬುದನ್ನು ಗಾರೆ ಕಾಣದ ನಾಲ್ಕನೇ ಸಾಲಿನ ಮನೆ ತೆರೆದು ತೋರಿಸುತ್ತಿತ್ತು. ಒಂದು ಮಳೆಗಾಲ ಕಳೆದ ಮೇಲೆ ನನ್ನ ಮನೆ ಏನಾಗುತ್ತದೆ ಎಂಬುದನ್ನು, ಜನ ವಾಸವಾಗಿ ವರ್ಷವಾಗಿದ್ದ ಮೊದಲ ಸಾಲಿನ ಮನೆ ಹೇಳುತ್ತಿತ್ತು. ನಾನು ಇವೆರಡನ್ನೂ ನೋಡದೆ, ನಡುವೆ ಇದ್ದ ಬಣ್ಣದ ಮನೆಯನ್ನು ಮಾತ್ರ ನೋಡಿ ಬಂದೆ.

ಇನ್ನೊಂದು ವಿಷಯವನ್ನೂ ಮುಚ್ಚಿಡುವುದಿಲ್ಲ. ನನ್ನ ಸೋದರಮಾವ ಜಗಳೂರು ಕಡೆ 40 ವರ್ಷ ಗಾರೆ ಕೆಲಸ ಮಾಡಿದವರು. ಮನೆ ನೋಡಲು ತಾವೂ ಬರುವುದಾಗಿ ಎರಡು ಸಲ ಹೇಳಿ ಕಳುಹಿಸಿದ್ದರು. ಹವಾನಿಯಂತ್ರಿತ ಕಚೇರಿಯಲ್ಲಿ ಕುಳಿತವರ ಎದುರು ಅವರು ಗೋಡೆ ತಟ್ಟುತ್ತ, ಉಗುರಿನಿಂದ ಕೆರೆಯುತ್ತ ನಿಂತರೆ ಚೆನ್ನಾಗಿರುವುದಿಲ್ಲವೆಂದು ನಾನೇ ತಪ್ಪಿಸಿದೆ. ಆ ಮನುಷ್ಯನ ಮುಖ ನೋಡಲು ನನಗೆ ಈಗಲೂ ಕಷ್ಟವಾಗುತ್ತದೆ.

ಮೊದಲ ಬಿರುಕು ಕಂಡದ್ದು ಏಪ್ರಿಲ್ ಕೊನೆಯಲ್ಲಿ. ಆ ಜಾಗ ಹಿಂದೆ ಭದ್ರಾ ನಾಲೆಯ ನೀರು ಉಣ್ಣುತ್ತಿದ್ದ ಎರೆ ನೆಲದ ಗದ್ದೆ. ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಾಯಿ ಬಿಡುತ್ತದೆ. ಬೇಸಿಗೆಯಲ್ಲಿ ಎರೆ ಹೊಲದ ಬಿರುಕಿನಲ್ಲಿ ಅಂಗೈ ಇಳಿಯುವುದನ್ನು ನಮ್ಮ ಜಿಲ್ಲೆಯ ರೈತರ ಮಕ್ಕಳೆಲ್ಲ ನೋಡಿದ್ದಾರೆ, ನಾನೂ ನೋಡಿದ್ದೇನೆ. ಅಂಥ ನೆಲದಲ್ಲಿ ಮನೆ ಕಟ್ಟುವವರು ಆ ಉಬ್ಬುವ ಪದರವನ್ನು ದಾಟಿ ಗಟ್ಟಿ ನೆಲ ಸಿಗುವವರೆಗೆ ಪಾಯ ಇಳಿಸಬೇಕು, ಇಲ್ಲವೇ ಕೆಳಗೆ ಗಡ್ಡೆಯಂತೆ ಅಗಲವಾಗುವ ಅಂಡರ್ ರೀಮ್ಡ್ ಪೈಲ್ ಎಂಬ ಕಾಂಕ್ರೀಟ್ ಕಂಬಗಳನ್ನು ನೆಲದೊಳಗೆ ಇಳಿಸಬೇಕು. ಪಾಯದೊಳಗೆ ಅಗೆದ ಎರೆಯನ್ನೇ ಮತ್ತೆ ತುಂಬದೆ ಗರಸು ತುಂಬಿ, ಪದರ ಪದರವಾಗಿ ನೀರು ಹಾಕಿ ಬಡಿಯಬೇಕು. ಪಾಯದ ಮೇಲೆ ಮನೆಯನ್ನೆಲ್ಲ ಸುತ್ತಿ ಹಿಡಿಯುವ ಪ್ಲಿಂತ್ ಬೀಮ್ ಎಂಬ ಕಾಂಕ್ರೀಟ್ ತೊಲೆ ಬೇಕು. ಇದೆಲ್ಲ ನನಗೆ ಈಗ ಗೊತ್ತು.

ದೂರು ಹೇಳಿದಾಗ ಬಂದ ಸೈಟ್ ಇಂಜಿನಿಯರು ಗೋಡೆಯನ್ನು ಮುಟ್ಟಿಯೂ ನೋಡಲಿಲ್ಲ. "ಹೇರ್‌ಲೈನ್ ಕ್ರ್ಯಾಕ್ ಮೇಡಂ. ಹೊಸ ಮನಿ ಅಂದಮ್ಯಾಲೆ ಸೆಟ್ಲ್ ಆಗ್ಬೇಕಲ್ರೀ, ಒಂದು ಮಳಿಗಾಲ ಹೋಗ್ಲಿ" ಎಂದರು. ಮರುದಿನ ಇಬ್ಬರು ಬಂದು ಪುಟ್ಟಿ ತುಂಬಿ, ಬಣ್ಣ ಹಚ್ಚಿ ಹೋದರು. 20 ದಿನಗಳಲ್ಲಿ ಬಿರುಕು ಅದೇ ಜಾಗದಲ್ಲಿ ಮೊದಲಿಗಿಂತ ಅಗಲವಾಗಿ ತೆರೆದುಕೊಂಡಿತು. ಎರಡನೇ ಸಲ ಬಂದಾಗ ಅದೇ ಇಂಜಿನಿಯರು ಕ್ಯಾಲೆಂಡರಿನ ಮೊಳೆಯನ್ನು ತೋರಿಸಿ, "ನೀವು ಮೊಳೆ ಹೊಡೆದಿದ್ದಕ್ಕೆ ಹಿಂಗಾಗೈತ್ರಿ" ಎಂದರು. ಮೊಳೆ ಇದ್ದದ್ದು ಎದುರಿನ ಗೋಡೆಯಲ್ಲಿ!

ಗಾರೆಯ ಮೇಲೆ ಜೇಡರ ಬಲೆಯಂತೆ ಹರಡುವ ಕೂದಲೆಳೆಯ ಬಿರುಕು ಎಲ್ಲ ಮನೆಗಳಲ್ಲೂ ಬರುತ್ತದೆ, ಅದನ್ನು ನಾನು ಒಪ್ಪುತ್ತೇನೆ. ಆದರೆ ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ ಹೊರಟು, ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣಿಸಿಕೊಂಡು, ದಿನೇ ದಿನೇ ಅಗಲವಾಗುವ ಬಿರುಕು ಗಾರೆಯದಲ್ಲ, ಗೋಡೆಯದು. ಅದು ಬೆಳೆಯುತ್ತಿದೆಯೇ ನಿಂತಿದೆಯೇ ಎಂದು ತಿಳಿಯಲು ಬಿರುಕಿನ ಎರಡೂ ಬದಿಗೆ ಹಿಡಿಯುವಂತೆ ತೆಳು ಗಾಜಿನ ತುಂಡನ್ನು ಅಂಟಿಸಿ ದಿನಾಂಕ ಬರೆದಿಡಬೇಕೆಂದು ಕೊನೆಗೆ ಹೇಳಿಕೊಟ್ಟವರೂ ಸೋದರಮಾವನೇ. ನಮ್ಮ ಗಾಜು 17ನೇ ದಿನ ಒಡೆಯಿತು. ಎರಡನೆಯದೂ ಒಡೆಯಿತು.

ಜುಲೈ ಮಳೆಗೆ ಚಾವಣಿ ಸೋರಿತು. ಕಚೇರಿಗೆ ಹೋಗಿ ಮಾಲೀಕರ ಎದುರಿಗೇ ಕುಳಿತೆವು. ಅವರು ಚಹಾ ತರಿಸಿದರು. "ನೋಡ್ರೀ ಅಕ್ಕಾರೇ, 47 ಮನಿಯೋರು ಸುಮ್ನದಾರೆ, ನಿಮಗೊಬ್ರಿಗೆ ಯಾಕೆ ಹಿಂಗಾಗತೈತಿ?" ಎಂದು ಕೇಳಿದರು. ಅಷ್ಟು ಮನೆಗಳು ಆಗ ಕಟ್ಟಿಯೇ ಇರಲಿಲ್ಲ ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು. ಬ್ಯಾಂಕಿನ ಇಂಜಿನಿಯರೇ ನೋಡಿ ಒಪ್ಪಿದ ಮೇಲಲ್ಲವೇ ನಿಮಗೆ ಸಾಲ ಸಿಕ್ಕಿದ್ದು ಎಂದರು. ಕೊಳ್ಳುವ ಮೊದಲೂ ಇದೇ ಮಾತನ್ನು ಹೇಳಿ ನಮ್ಮನ್ನು ನಂಬಿಸಿದ್ದರು. ಬ್ಯಾಂಕಿನಿಂದ ಬರುವ ಮೌಲ್ಯಮಾಪಕರು ಆಸ್ತಿಯ ಬೆಲೆ ಸಾಲಕ್ಕೆ ಸಾಕೇ ಎಂದು ನೋಡುತ್ತಾರೆ, ವಕೀಲರು ಪತ್ರಗಳನ್ನು ನೋಡುತ್ತಾರೆ. ಕಂಬಿ ಎಷ್ಟಿದೆ, ಪಾಯ ಎಷ್ಟು ಆಳವಿದೆ ಎಂದು ನಮ್ಮ ಪರವಾಗಿ ಅಗೆದು ನೋಡುವುದು ಇಬ್ಬರ ಕೆಲಸವೂ ಅಲ್ಲ. ನಾವು ಮಾತ್ರ ಬ್ಯಾಂಕಿನ ಮುದ್ರೆಯನ್ನು ಗೋಡೆಯ ಮೇಲಿನ ಮುದ್ರೆ ಎಂದುಕೊಂಡಿದ್ದೆವು.

ಮಾಲೀಕರು ಆಮೇಲೆ ಒಂದು ಕಾಗದವನ್ನು ಮುಂದಿಟ್ಟರು. ಮನೆಯನ್ನು ಪರಿಶೀಲಿಸಿದ್ದೇವೆ, ಎಲ್ಲವೂ ತೃಪ್ತಿಕರವಾಗಿದೆ ಎಂದು ಬರೆದ ಆ ಸ್ವಾಧೀನ ಪತ್ರದ ಕೆಳಗೆ ನಮ್ಮಿಬ್ಬರ ಸಹಿಯೂ ಇತ್ತು. ಅದನ್ನು ಹಾಕಿಸಿಕೊಂಡದ್ದು ಗೃಹಪ್ರವೇಶದ ಹಿಂದಿನ ಸಂಜೆ. ಮುಹೂರ್ತ ಗೊತ್ತಾಗಿತ್ತು, ಪತ್ರಿಕೆ ಹಂಚಿಯಾಗಿತ್ತು, ಅಡುಗೆಯವರು ಬಂದಿಳಿದಿದ್ದರು. ಸಹಿ ಹಾಕದಿದ್ದರೆ ಕೀಲಿ ಇಲ್ಲ. ಮುಹೂರ್ತವಿದ್ದವರು ಓದುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿದೆ.

ಕೊನೆಯ ಮಾತು ಇನ್ನೂ ಕೆಟ್ಟದ್ದಾಗಿತ್ತು. "ನಾವು ಮಾರಿದ್ದು ಸೈಟ್ ಅಷ್ಟ ರೀ. ಮನಿ ಕಟ್ಟಿದ್ದು ಕಂಟ್ರಾಕ್ಟರು. ಅವ್ರು ಈಗ ಬಿಟ್ಟು ಹೋಗ್ಯಾರೆ." ಪತ್ರಗಳನ್ನು ತೆಗೆದು ನೋಡಿದರೆ ನಿವೇಶನದ ಕ್ರಯಪತ್ರ ಒಂದು, ಕಟ್ಟಡದ ಕರಾರು ಇನ್ನೊಂದು, ಎರಡರಲ್ಲೂ ಬೇರೆ ಬೇರೆ ಹೆಸರುಗಳು. ಮುದ್ರಾಂಕ ಶುಲ್ಕ ಉಳಿಯುತ್ತದೆ ಎಂದು ಹೇಳಿ ಹಾಗೆ ಮಾಡಿಸಿದ್ದರು. ಕರಾರಿನಲ್ಲಿ ಸಿಮೆಂಟು, ಕಂಬಿ, ಪೈಪು, ವೈರು, ಪ್ರತಿಯೊಂದರ ಮುಂದೆಯೂ ಒಳ್ಳೆಯ ಕಂಪನಿಯ ಹೆಸರಿತ್ತು, ಹೆಸರಿನ ಮುಂದೆ "ಅಥವಾ ತತ್ಸಮಾನ" ಎಂಬ ಎರಡು ಪದಗಳೂ ಇದ್ದವು. ಮಾದರಿ ಮನೆಯ ಸಾಗುವಾನಿ ಬಾಗಿಲು ನಮ್ಮ ಮನೆಯಲ್ಲಿ ಅಂಟಿಸಿದ ಹಲಗೆಯ ಬಾಗಿಲಾದದ್ದು ಆ ಎರಡು ಪದಗಳಿಂದ.

ಗೌರಿ ಹಬ್ಬದ ಮರುವಾರ ಸೋದರಮಾವ ಬಂದರು. ನಾನು ಕರೆದಿರಲಿಲ್ಲ, ಸುದ್ದಿ ತಿಳಿದು ತಾವಾಗಿಯೇ ಬಂದರು. ನಮ್ಮ ಬಿರುಕನ್ನು ಒಮ್ಮೆ ನೋಡಿದವರೇ, "ಕಟ್ಟೋ ಮನಿ ಎಲ್ಲಿ ಅದಾವ, ನಡಿಯವ್ವಾ" ಎಂದು ಹೊರಟರು. ಆರೇಳು ತಿಂಗಳು ಆ ಬಡಾವಣೆಯಲ್ಲಿ ವಾಸವಿದ್ದ ನಾನು ಆರನೇ ಸಾಲಿಗೆ ಕಾಲಿಟ್ಟದ್ದು ಅದೇ ಮೊದಲು. ಅಲ್ಲಿ ಕಂಡದ್ದನ್ನು ಹೇಳುತ್ತೇನೆ. ಪಾಯಕ್ಕೆ ತೋಡಿದ ಗುಂಡಿ ನನ್ನ ಸೊಂಟಕ್ಕೂ ಬರುವಂತಿರಲಿಲ್ಲ, ತಳದಲ್ಲಿ ಇನ್ನೂ ಕಪ್ಪು ಎರೆಯೇ ಇತ್ತು. ಅಗೆದ ಎರೆಯನ್ನೇ ಪಾಯದೊಳಗೆ ತಳ್ಳುತ್ತಿದ್ದರು. ಪಕ್ಕದ ಮನೆಯಲ್ಲಿ ಚಾವಣಿಯ ಕಾಂಕ್ರೀಟು (ಮೋಲ್ಡ್) ಹಾಕಲು ಕಟ್ಟಿದ್ದ ಕಂಬಿಗಳು ಅದನ್ನು ಹೊರುವ ಸೆಂಟ್ರಿಂಗ್ ಶೀಟಿನ ಮೇಲೆ ನೇರವಾಗಿ ಮಲಗಿದ್ದವು. ಕಂಬಿಯ ಕೆಳಗೆ ಕವರ್ ಬ್ಲಾಕ್ ಎಂಬ ಸಣ್ಣ ಬಿಲ್ಲೆಗಳನ್ನು ಇಟ್ಟು, ಚಾವಣಿಯಲ್ಲಾದರೆ ಕನಿಷ್ಠ 20 ಮಿ.ಮೀ., ಕಂಬದಲ್ಲಾದರೆ 40 ಮಿ.ಮೀ. ಕಾಂಕ್ರೀಟು ಅದನ್ನು ಮುಚ್ಚುವಂತೆ ಮಾಡದಿದ್ದರೆ ನೀರು ತಗಲಿ ಕಂಬಿ ತುಕ್ಕು ಹಿಡಿಯುತ್ತದೆ, ತುಕ್ಕು ಉಬ್ಬಿ ಕಾಂಕ್ರೀಟನ್ನೇ ಸಿಡಿಸುತ್ತದೆ. ಅದರಾಚೆಯ ಮನೆಯ ಕಂಬವೊಂದರಲ್ಲಿ ಜಲ್ಲಿ ಜೇನುಗೂಡಿನಂತೆ ತೂತುತೂತಾಗಿ ಕಾಣುತ್ತಿತ್ತು, ಒಬ್ಬಾತ ಅದರ ಮೇಲೆ ಸಿಮೆಂಟಿನ ತಿಳಿ ಬಳಿಯುತ್ತಿದ್ದ. ಬ್ಲಾಕಿನ ಗೋಡೆಗೆ ಎಷ್ಟು ದಿನ ನೀರು ಹಾಕಿದಿರಿ ಎಂದು ಮಾವ ಕೇಳಿದರೆ, "ಎರಡು ದಿನ ಅಜ್ಜಾರೇ, ನಾಳೆ ಗಾರಿ" ಎಂದು ಹುಡುಗನೊಬ್ಬ ನಿಜವನ್ನೇ ಹೇಳಿದ. ಇನ್ನು ಚಾವಣಿ, ಕಂಬಗಳ ಕಾಂಕ್ರೀಟಿಗೆ ಸಾಮಾನ್ಯ ಸಿಮೆಂಟಾದರೆ ಕನಿಷ್ಠ 7 ದಿನ, ಈಗ ಎಲ್ಲೆಡೆ ಬಳಸುವ ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಾದರೆ ಕನಿಷ್ಠ 10 ದಿನ ಒದ್ದೆ ಆರದಂತೆ ಕಾಯಬೇಕೆಂದು ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಹೇಳುತ್ತದೆ. ಅಲ್ಲಿ ಚಾವಣಿಯ ಮೇಲೆ ನೀರು ನಿಲ್ಲಿಸಲು ಕಟ್ಟುವ ಮಡಿಯೂ ಇರಲಿಲ್ಲ.

ಮಾವ ಏನನ್ನೂ ಹೇಳದೆ ಬಹಳ ಹೊತ್ತು ಆ ಗುಂಡಿಯ ಅಂಚಿನಲ್ಲಿ ಕುಳಿತಿದ್ದರು. "ಎರಿ ನೆಲದಾಗ ಇಷ್ಟ ಪಾಯ ಹಾಕ್ಯಾರಲ್ಲವ್ವಾ" ಎಂದರು, ಅಷ್ಟೇ. ಮೊದಲ ಸಲ ಮನೆ ನೋಡಲು ಬಂದಾಗ ಆ ಮಾರಾಟದ ಹುಡುಗ ನನ್ನನ್ನು ತಡೆದು ನಿಲ್ಲಿಸದಿದ್ದರೆ ನಾನು ಕಾಣುತ್ತಿದ್ದುದು ಇದನ್ನೇ. ನನ್ನ ಮನೆ ಹೇಗೆ ಕಟ್ಟಲ್ಪಟ್ಟಿತೆಂಬುದನ್ನು ನಾನು ಕಣ್ಣಾರೆ ನೋಡುತ್ತ ನಿಂತಿದ್ದೆ, ಸಾಲದ ಕಂತು ಕಟ್ಟಲು ಶುರುಮಾಡಿದ ಮೇಲೆ.

ಹಿಂದಿರುಗುವಾಗ ಮೊದಲ ಸಾಲಿನ ಮನೆಯೊಂದರ ಬಾಗಿಲು ತಟ್ಟಿದೆ. ಆ ತಾಯಿ ನಮ್ಮನ್ನು ಒಳಗೆ ಕರೆದು ತೋರಿಸಿದರು. ಅದೇ ಕಿಟಕಿ, ಅದೇ ಮೂಲೆ, ಅದೇ ಬಿರುಕು. "ಕೊಳ್ಳೋಕೆ ಮುಂಚೆ ಬಂದು ಕೇಳಿದ್ರೆ ಹೇಳ್ತಿದ್ವಿ ಅಕ್ಕಾ, ಯಾರೂ ಬಂದು ಕೇಳೋದೇ ಇಲ್ಲ" ಎಂದರು.

ಕಾನೂನಿನ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಇದು ಅಪಾರ್ಟ್‌ಮೆಂಟ್ ಅಲ್ಲ, ಇದಕ್ಕೆ ರೇರಾ (ಮನೆ, ನಿವೇಶನ ಮಾರಾಟದ ನಿಯಂತ್ರಣ ಕಾಯ್ದೆ) ಬರುವುದಿಲ್ಲ ಎಂದು ನಮಗೆ ಹೇಳಿದ್ದರು. ಅದು ಸುಳ್ಳು. 2016ರ ಆ ಕಾಯ್ದೆಯಲ್ಲಿ ಅಪಾರ್ಟ್‌ಮೆಂಟ್ ಎಂಬ ಪದಕ್ಕೆ ವಾಸದ ಪ್ರತ್ಯೇಕ ಮನೆಯೂ ಸೇರುತ್ತದೆ. 500 ಚದರ ಮೀಟರ್ ಮೀರದ ಜಾಗಕ್ಕೆ ಅಥವಾ 8 ಮೀರದ ಮನೆಗಳಿಗೆ ರೇರಾ ನೋಂದಣಿಯಿಂದ ವಿನಾಯಿತಿ ಇದೆ, ಆದರೆ ಎಲ್ಲ ಹಂತಗಳನ್ನೂ ಕೂಡಿಸಿಯೇ ಎಣಿಸಬೇಕು. ಎಂಟೆಂಟು ಮನೆಗಳ ಆರು ಸಾಲು ಮಾಡಿದರೆ ತಪ್ಪಿಸಿಕೊಂಡಂತಾಗುವುದಿಲ್ಲ. ನೋಂದಾಯಿತ ಕರಾರು ಆಗುವ ಮೊದಲು ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ, ನಮ್ಮಿಂದ 10 ಲಕ್ಷ ಪಡೆದಿದ್ದರು. ಮನೆಯನ್ನು ವಶಕ್ಕೆ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಾಗಲಿ ಕೆಲಸದ ಗುಣಮಟ್ಟದಲ್ಲಾಗಲಿ ದೋಷ ಕಂಡು ತಿಳಿಸಿದರೆ 30 ದಿನಗಳಲ್ಲಿ ಹಣ ಪಡೆಯದೆ ಸರಿಪಡಿಸಬೇಕೆಂದು 14ನೇ ಸೆಕ್ಷನ್ ಹೇಳುತ್ತದೆ. ನಾವು ಫೋನಿನಲ್ಲಿ ಗೋಗರೆಯುತ್ತ ಐದು ತಿಂಗಳು ಕಳೆದೆವು. ಮೊದಲ ದಿನವೇ ಬರಹದಲ್ಲಿ, ನೋಂದಾಯಿತ ಅಂಚೆಯಲ್ಲಿ ದೂರು ಕಳುಹಿಸಬೇಕಿತ್ತು. ಈಗ ಕಳುಹಿಸಿ, 30 ದಿನ ಮುಗಿದು, ರೇರಾ ಪ್ರಾಧಿಕಾರಕ್ಕೆ ದೂರು ಕೊಟ್ಟಿದ್ದೇವೆ.

ಮನೆ ನೋಡಲು ಹೋಗುವವರು ದಯವಿಟ್ಟು ಕೆಸರಿಗೆ ಇಳಿಯಿರಿ. ಹಿಂದಿನ ಸಾಲಿಗೆ ಬಿಡುವುದಿಲ್ಲವೆಂದರೆ ಅಲ್ಲಿಂದಲೇ ಮನೆಗೆ ಹೊರಡಿ. ಮೊದಲ ಸಾಲಿನವರ ಬಾಗಿಲು ತಟ್ಟಿ, ಅದೂ ಮಳೆಗಾಲದಲ್ಲಿ. ನಿಮ್ಮವರಲ್ಲಿ ಮೇಸ್ತ್ರಿಯೊಬ್ಬರಿದ್ದರೆ ಅವರ ಪಂಚೆಗೆ ನಾಚದೆ ಕರೆದೊಯ್ಯಿರಿ. ಮಟ್ಟ ನೋಡುವ ರಸಮಟ್ಟ, ಗೋಡೆ ನೇರವಿದೆಯೇ ಎಂದು ನೋಡುವ ತೂಗುಗುಂಡು ಅವರ ಚೀಲದಲ್ಲೇ ಇರುತ್ತವೆ. ಕತ್ತಲಾದ ಮೇಲೆ ಟಾರ್ಚನ್ನು ಗೋಡೆಗೆ ತಾಗಿಸಿ ಪಕ್ಕದಿಂದ ಬೆಳಕು ಬಿಟ್ಟರೆ ತೇಪೆಗಳೆಲ್ಲ ಎದ್ದು ಕಾಣುತ್ತವೆ. ನಾಣ್ಯದಿಂದ ಟೈಲ್ಸ್ ತಟ್ಟಿದರೆ ಕೆಳಗೆ ಪೊಳ್ಳಿರುವುದು ಸದ್ದಿನಲ್ಲೇ ಗೊತ್ತಾಗುತ್ತದೆ. ಚಾವಣಿಯ ಮೇಲೆ ಎರಡು ದಿನ ನೀರು ನಿಲ್ಲಿಸಿ ತೋರಿಸಲು ಹೇಳಿ. ಇದೆಲ್ಲ ಮುಗಿಯುವವರೆಗೆ ಮುಹೂರ್ತ ಇಡಬೇಡಿ, ಕೊನೆಯ ಕಂತನ್ನೂ ಕೊಡಬೇಡಿ.

ಆರನೇ ಸಾಲಿನ ಮನೆಗಳಿಗೆ ಈ ತಿಂಗಳು ಪುಟ್ಟಿ ಹಾಕಿ ಬಣ್ಣ ಬಳಿದಿದ್ದಾರೆ, ಗುಂಡಿಗಳ ಮೇಲೆ ಈಗ ಟೈಲ್ಸ್ ಇವೆ. ಅಂದು ಮಾವನೊಂದಿಗೆ ಹೋದಾಗ ನಾನು ತೆಗೆದ 63 ಫೋಟೊಗಳು ನನ್ನ ಬಳಿ ಇವೆ. ಕಳೆದ ಭಾನುವಾರ ಮನೆ ನೋಡಲು ಬಂದಿದ್ದ ದಂಪತಿಗಳನ್ನು ನಿಲ್ಲಿಸಿ ನಮ್ಮ ಮನೆಗೆ ಕರೆದು ಬಿರುಕು ತೋರಿಸಿದೆ. ಅದೇ ಮಾರಾಟದ ಹುಡುಗ ಗೇಟಿನ ಹೊರಗೆ ನಿಂತು, "ಮೇಡಂ, ನಿಮ್ಮ ಮನಿ ರೇಟೂ ಬೀಳತೈತ್ರಿ" ಎಂದ. ದಂಪತಿಗಳು ಹೊರಗೆ ಬಂದು ಅವನನ್ನು ದಾಟಿಕೊಂಡು, ಹಿಂದಿನ ಸಾಲಿಗೆ ಹೋಗುವ ದಾರಿ ಯಾವುದೆಂದು ನನ್ನನ್ನು ಕೇಳಿದರು.