‘ನಿಮ್ಮ ಮಗುವೂ ಲೇಖಕ’ ಎನ್ನುವವರಿಗೆ ಹಣ ಕಟ್ಟುವ ಮುನ್ನ

ಮುಂಬಯಿ, ಠಾಣೆ ಕಡೆಯ ಪಾಲಕರ ಮೊಬೈಲಿಗೆ ಈಚೆಗೆ ಒಂದು ಬಗೆಯ ಜಾಹೀರಾತು ಬಿಡದೆ ಬರುತ್ತಿದೆ. ಮಗು ಬರೆದ ಕತೆ ಕೊಟ್ಟರೆ ಸಾಕು, ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ), ಕಾಪಿರೈಟ್, ಮುಖಪುಟ, ಐವತ್ತು ಪ್ರತಿ ಎಲ್ಲವೂ ಒಂದೇ ಪ್ಯಾಕೇಜಿನಲ್ಲಿ, ಜೊತೆಗೆ ‘ಕಿರಿಯ ಲೇಖಕಿ’ ಎಂಬ ಪ್ರಮಾಣಪತ್ರ. ಡೊಂಬಿವಲಿಯ ನಾವು ಇಂಥ ಒಂದು ಸಂಸ್ಥೆಗೆ ಮೂವತ್ತು ಸಾವಿರ ರೂಪಾಯಿ ಕಟ್ಟಿ ಅನುಭವಿಸಿದ್ದೇವೆ. ಸಂಸ್ಥೆಯ ಹೆಸರು ಬರೆಯುವುದಿಲ್ಲ; ಹೆಸರಿಗಿಂತ ಅವರ ವರಸೆ ಗೊತ್ತಿದ್ದರೆ ಹೆಚ್ಚು ಉಪಯೋಗ.

ಮಗಳ ಕತೆ ಲೋಕಲ್ ರೈಲಿನಲ್ಲಿ ಯಾರೋ ಮರೆತುಬಿಟ್ಟ ಕೊಡೆಯದು. ಅದು ಕಸಾರಾದಿಂದ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣದವರೆಗೆ ಓಡಾಡುತ್ತ ತನ್ನ ಅಜ್ಜನನ್ನು ಹುಡುಕುತ್ತದೆ. ಶಾಲೆಯಲ್ಲಿ ಅವಳಿಗೆ ಕನ್ನಡವಿಲ್ಲ, ಅಕ್ಷರ ತಿದ್ದಿಸಿದವರು ನಮ್ಮ ಅತ್ತೆ. ಮಳೆಗಾಲವಿಡೀ ಕೂತು ಬರೆದಳು, ಮೇಣದ ಬಣ್ಣದಲ್ಲಿ ಚಿತ್ರ ತೆಗೆದಳು. ಕೊಡೆಯ ಒಂದು ಕಡ್ಡಿ ಮುರಿದು ಬಟ್ಟೆಯಿಂದ ಹೊರಗೆ ಇಣುಕುತ್ತಿರುತ್ತದೆ. ಕೊನೆಯಲ್ಲಿ ಕಲ್ಯಾಣ ಸ್ಟೇಷನ್ನಿನ ಜನಜಂಗುಳಿಯಲ್ಲಿ ಅಜ್ಜ ಅದನ್ನು ಗುರುತು ಹಿಡಿಯುವುದು ಆ ಮುರುಕು ಕಡ್ಡಿಯಿಂದಲೇ.

ಸಂಸ್ಥೆಯಿಂದ ಬಂದ ಕರಡಿನಲ್ಲಿ ಕೊಡೆ ಹೊಚ್ಚಹೊಸದಾಗಿತ್ತು! ಕಣ್ಣು, ರೆಪ್ಪೆ, ಕೆನ್ನೆಗೆ ಗುಲಾಬಿ ಬಣ್ಣ, ಕಂಪ್ಯೂಟರ್ ಹೆತ್ತ ಮಿರಿಮಿರಿ ಕೊಡೆ. ಮಗಳ ಚಿತ್ರಗಳನ್ನು ‘ಮಾದರಿಯಾಗಿ ಮಾತ್ರ’ ಬಳಸಿಕೊಂಡರಂತೆ. ಅವಳು ಪುಟ ಮಗುಚಿ ನೋಡಿ, “ಇದು ಯಾರ ಪುಸ್ತಕ?” ಎಂದು ಕೇಳಿದಳು.

ಅಕ್ಷರಗಳ ಗತಿ ಇನ್ನೂ ಕೆಟ್ಟದ್ದು. ‘ಅಜ್ಜ’ ಎಂಬುದು ಪುಸ್ತಕದುದ್ದಕ್ಕೂ ‘ಅಜ್‌ಜ’, ‘ಕಲ್ಯಾಣ’ ಎಂಬುದು ‘ಕಲ್‌ಯಾಣ’. ಪುಟವಿನ್ಯಾಸದ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಜೋಡಣೆಯನ್ನು ಆರಿಸಿಕೊಳ್ಳದೆ ಪಠ್ಯ ಅಂಟಿಸಿದರೆ ಒತ್ತಕ್ಷರಗಳು ಹೀಗೆ ಕಳಚಿಕೊಳ್ಳುತ್ತವೆ. ಫೋನ್ ಮಾಡಿದರೆ ಅತ್ತಲಿಂದ ಹಿಂದಿಯಲ್ಲಿ ಸಮಾಧಾನ: “ಮೇಡಂ, ಕನ್ನಡದಲ್ಲಿ ಹಾಗೆಯೇ ಬರುತ್ತದೆ.” ನಕ್ಕೆನೋ ಸಿಟ್ಟಾದೆನೋ ನೆನಪಿಲ್ಲ. ತಿದ್ದಬೇಕಾದರೆ ಪ್ರತಿ ಪುಟಕ್ಕೂ ಬೇರೆ ಹಣ ಎಂದರು.

ಕರಾರು ಪತ್ರ ಕೈಗೆ ಬಂದದ್ದು ಹಣ ಸಂದಾಯವಾದ ಮೇಲೆ. ಐದು ವರ್ಷ ಎಲ್ಲ ಭಾಷೆಗಳ ಹಕ್ಕೂ ಅವರದೇ ಎಂದಿತ್ತು. ಹದಿನೆಂಟು ತುಂಬದ ಮಗು ಕಾನೂನಿನ ಪ್ರಕಾರ ಕರಾರು ಮಾಡಿಕೊಳ್ಳುವಂತಿಲ್ಲ, ಸಹಿ ಪಾಲಕರದು. ಹಾಗಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಬೇಕಾದವರೂ ನಾವೇ.

ಇವರು ಮಾರುವ ಸರಕನ್ನು ಬಿಡಿಬಿಡಿಯಾಗಿ ನೋಡಿ. ಭಾರತದಲ್ಲಿ ಐಎಸ್‌ಬಿಎನ್ ಉಚಿತ. ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯಲ್ಲಿರುವ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಕೊಡುತ್ತದೆ. ಸ್ವಂತವಾಗಿ ಪ್ರಕಟಿಸುವ ಲೇಖಕರೂ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಸಂಸ್ಥೆ ತನ್ನ ಹೆಸರಿನಲ್ಲಿ ಪಡೆದ ಸಂಖ್ಯೆಯನ್ನು ಹಾಕಿದರೆ ದಾಖಲೆಯಲ್ಲಿ ಪ್ರಕಾಶಕರು ಅವರೇ. 1957ರ ಕಾಯ್ದೆಯಂತೆ ಕೃತಿಸ್ವಾಮ್ಯ, ಅಂದರೆ ಕಾಪಿರೈಟ್, ಬರೆದ ಕ್ಷಣದಿಂದಲೇ ಬರೆದವರದು, ನೋಂದಣಿ ಕಡ್ಡಾಯವಲ್ಲ. ಮಾಡಿಸಲೇಬೇಕೆಂದಿದ್ದರೆ ಸಾಹಿತ್ಯ ಕೃತಿಗೆ ಸರ್ಕಾರಿ ಶುಲ್ಕ 500 ರೂಪಾಯಿ. ನಮ್ಮ ಬಿಲ್ಲಿನಲ್ಲಿ ‘ರಾಷ್ಟ್ರೀಯ ಗ್ರಂಥಾಲಯಕ್ಕೆ ಸಲ್ಲಿಕೆ’ ಎಂದೂ ಒಂದು ಸಾಲಿತ್ತು. ಕೋಲ್ಕತ್ತದ ಆ ಗ್ರಂಥಾಲಯಕ್ಕೆ ಪ್ರಕಾಶಕ ತನ್ನ ಖರ್ಚಿನಲ್ಲೇ ಪ್ರತಿ ಕಳುಹಿಸಬೇಕೆಂದು 1954ರ ಕಾಯ್ದೆ ಹೇಳುತ್ತದೆ. ಪ್ರಕಾಶಕ ಎಂಬ ಪಟ್ಟ ಅವರಿಗೆ, ಅಂಚೆಖರ್ಚು ನಮಗೆ.

ಇಷ್ಟರ ಮೇಲೆ ಮಗಳು ತರಗತಿಯಲ್ಲಿ ಪುಸ್ತಕ ಮಾರಬೇಕಂತೆ, ಇಂತಿಷ್ಟು ಹೋದರೆ ‘ಬೆಸ್ಟ್‌ಸೆಲ್ಲರ್’ ಪದಕವಂತೆ. ಮಕ್ಕಳನ್ನು ಮಾರಾಟಕ್ಕೆ ನಿಲ್ಲಿಸುವ ಈ ಚಾಳಿ ನನಗೆ ಹೇಸಿಗೆ ತರಿಸಿತು.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆವು. ರಸೀದಿ, ಕರಡು, ವಾಟ್ಸಾಪ್ ಮಾತುಕತೆ ಎಲ್ಲ ಇಟ್ಟುಕೊಂಡಿದ್ದು ಕೆಲಸಕ್ಕೆ ಬಂತು. ಕರಾರು ರದ್ದಾಯಿತೆಂದು ಬರೆದುಕೊಟ್ಟಿದ್ದಾರೆ. ಹಣ ಇನ್ನೂ ಬಂದಿಲ್ಲ.

ಆಮೇಲೆ ಕೊಡೆಯ ಕತೆಯನ್ನು ಠಾಣೆಯ ಒಂದು ಸಣ್ಣ ಮುದ್ರಣಾಲಯದಲ್ಲಿ ನಾವೇ ಹಾಕಿಸಿದೆವು. ಅಕ್ಷರ ಜೋಡಣೆಯನ್ನು ಕನ್ನಡ ಬಲ್ಲವರಿಂದ ಹುಬ್ಬಳ್ಳಿಯಲ್ಲಿ ಮಾಡಿಸಿ ತರಿಸಿಕೊಂಡದ್ದು. ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆಯದೆ 300 ಡಿಪಿಐಗೆ (ಇಂಚಿಗೆ 300 ಚುಕ್ಕಿಗಳ ಸ್ಪಷ್ಟತೆಗೆ) ಸ್ಕ್ಯಾನ್ ಮಾಡಿಸಿದೆವು. ನಡುವೆ ಪಿನ್ ಹೊಡೆಯುವ ಪುಸ್ತಕಕ್ಕೆ ಪುಟಗಳು ನಾಲ್ಕರ ಲೆಕ್ಕದಲ್ಲಿರಬೇಕು, ಆದ್ದರಿಂದ ಇಪ್ಪತ್ತನಾಲ್ಕು ಪುಟ. ಪರದೆಯ ಮೇಲೆ ಹೊಳೆಯುವ ಹಸಿರು ಕಾಗದದಲ್ಲಿ ಮಂಕಾಗುತ್ತದೆ, ಆದ್ದರಿಂದ ಮೊದಲು ಒಂದೇ ಪ್ರತಿ ಹಾಕಿಸಿ ನೋಡಿ ಒಪ್ಪಿಗೆ ಕೊಡಿ. ನಾವು ಕಟ್ಟಿದ ಪ್ಯಾಕೇಜಿನಲ್ಲಿ ಈ ಒಂದು ಪ್ರತಿಗೆ ಜಾಗವೇ ಇರಲಿಲ್ಲ. ನಿಮ್ಮ ಕೈಯಲ್ಲಿ ಇಂಥ ಕರಾರು ಪತ್ರ ಇದ್ದರೆ ಸಹಿ ಹಾಕುವ ಮುನ್ನ ತಿಳಿಸಿ. ನಮಗೆ ಬಂದಿದ್ದ ಷರತ್ತುಗಳೊಂದಿಗೆ ಹೋಲಿಸಿ ಹೇಳುತ್ತೇನೆ.