ವಿಕ್ಟುವಾಲಿಯನ್‌ಮಾರ್ಕ್ಟ್: ಕೈ ಕಟ್ಟಿಕೊಂಡು ಕೊಳ್ಳುವ ಸಂತೆ

ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಅಂಕ ಬೆಲೆಯ ಲೆಕ್ಕಕ್ಕೆ.

ಜರ್ಮನಿಯ ಬವೇರಿಯಾ ಪ್ರಾಂತದ ಮ್ಯೂನಿಕ್‌ನಲ್ಲಿ ನೆಲೆಸಿ, ವರ್ಷಗಳಿಂದ ಈ ಸಂತೆಯಲ್ಲಿ ಚೀಲ ಹಿಡಿದು ಓಡಾಡಿದ ಮೇಲೆ ಹೇಳುತ್ತಿದ್ದೇನೆ: ವಾರದ ಈರುಳ್ಳಿ, ಆಲೂಗಡ್ಡೆಗೆ ಇಲ್ಲಿಗೆ ಬರಬೇಡಿ, ಅದಕ್ಕೆ ಸೂಪರ್‌ಮಾರ್ಕೆಟ್ ಇದೆ. ಇಲ್ಲಿಗೆ ಬರಬೇಕಾದದ್ದು ಮಾರುವವರ ಜಾಣತನಕ್ಕಾಗಿ. ಹಣ್ಣನ್ನು ಮುಟ್ಟಿ, ಹಿಸುಕಿ ನೋಡುವಂತಿಲ್ಲ. ಬದನೆಕಾಯಿಯ ತೊಟ್ಟನ್ನೂ ಪರೀಕ್ಷಿಸದೆ ಬಿಡದ ನಮ್ಮವರಿಗೆ ಇದು ಮೊದಮೊದಲು ಅವಮಾನವೆನಿಸುತ್ತದೆ. ಆದರೆ ಯಾವತ್ತು ತಿನ್ನುತ್ತೀರೆಂದು ಹೇಳಿ ನೋಡಿ. ಇವತ್ತಿಗೊಂದು, ನಾಡಿದ್ದಿಗೊಂದು ಬೆಣ್ಣೆಹಣ್ಣು ಎಂದರೆ ಅಂಗಡಿಯಾಕೆ ಹದ ನೋಡಿ ಎರಡನ್ನೂ ಆರಿಸಿ ಕೊಡುತ್ತಾರೆ. ಚೌಕಾಸಿಗೆ ಇಳಿದಿರೋ, ಬವೇರಿಯನ್ ಗದರಿಕೆ ಪುಕ್ಕಟೆ. ಇನ್ನೊಂದು ಎಚ್ಚರಿಕೆ: ಚೀಸ್, ಆಲಿವ್‌ಗಳ ಮುಂದಿನ ಫಲಕದಲ್ಲಿರುವುದು ಸಾಮಾನ್ಯವಾಗಿ 100 ಗ್ರಾಮಿನ ಬೆಲೆ.

ನಗರದ ನಡುವಿನ ಚೌಕವಾದ ಇಂದಿನ ಮಾರಿಯೆನ್‌ಪ್ಲಾಟ್ಸ್‌ನಲ್ಲಿ ಜಾಗ ಸಾಲದಾದಾಗ, 1807ರಲ್ಲಿ ರಾಜ ಒಂದನೇ ಮ್ಯಾಕ್ಸಿಮಿಲಿಯನ್ ಜೋಸೆಫ್ ಸಂತೆಯನ್ನು ಇಲ್ಲಿಗೆ ಸಾಗಿಸಲು ಅಪ್ಪಣೆ ಮಾಡಿದ. ಆದರೆ ಸಂತೆಯೊಳಗೆ ಮೆರೆಯುತ್ತಿರುವವರು ನಗಿಸಿ ಬದುಕಿದವರು. ಹಾಸ್ಯನಟ ಕಾರ್ಲ್ ವಾಲೆಂಟಿನ್, ರಂಗದಲ್ಲಿ ಆತನ ಜೋಡಿಯಾಗಿದ್ದ ಲೀಸ್ಲ್ ಕಾರ್ಲ್‌ಸ್ಟಾಟ್, ಜನಪದ ಗಾಯಕ ವೈಸ್ ಫೆರ್ಡ್ಲ್, ಇವರೆಲ್ಲರಿಗೂ ಇಲ್ಲಿ ಒಂದೊಂದು ಪ್ರತಿಮೆ, ಒಂದೊಂದು ಕಾರಂಜಿ. ಆ ಪ್ರತಿಮೆಗಳ ಕೈಗೆ ಯಾರೋ ತಾಜಾ ಹೂ ಇಟ್ಟು ಹೋಗಿರುತ್ತಾರೆ. ವಾಲೆಂಟಿನ್ ತೀರಿಕೊಂಡದ್ದು 1948ರಲ್ಲಿ. ಜನ ಇನ್ನೂ ಬಿಟ್ಟಿಲ್ಲ. ಮಾರುವ ಹೆಂಗಸರೂ ಕಡಿಮೆಯವರಲ್ಲ. ಈಸ್ಟರ್‌ಗೆ ಮುಂಚಿನ ಕ್ರೈಸ್ತರ ಲೆಂಟ್ ಉಪವಾಸ ಶುರುವಾಗುವ ಹಿಂದಿನ ಮಂಗಳವಾರ ವೇಷ ಕಟ್ಟಿ ಇಲ್ಲಿಯೇ ಕುಣಿಯುತ್ತಾರೆ. ಅವತ್ತು ತರಕಾರಿ ಕೊಳ್ಳುವ ಆಸೆ ಬಿಡಿ.

ನಡುವಿನ ಬಿಯರ್ ತೋಟದಲ್ಲಿ ನಗರದ ಬ್ರೂವರಿಗಳ ಬಿಯರ್ ಸರದಿಯ ಮೇಲೆ ಬರುತ್ತದೆ. ಬೇಕಾದ್ದನ್ನು ನಾವೇ ಹೋಗಿ ತಂದುಕೊಳ್ಳುವ ಮೇಜುಗಳಲ್ಲಿ ಹೊರಗಿನ ತಿಂಡಿ ಬಿಚ್ಚಬಹುದು, ಕುಡಿಯುವುದನ್ನು ಮಾತ್ರ ಅಲ್ಲಿಯೇ ಕೊಳ್ಳಬೇಕು. ಸಸ್ಯಾಹಾರಿಗಳು ಬ್ರೆಟ್ಸೆಲ್ ಎಂಬ ಗಂಟು ಹಾಕಿದಂತಿರುವ ಬ್ರೆಡ್, ಚೀಸ್, ಉಪ್ಪಿನಲ್ಲಿಟ್ಟ ಸೌತೆಕಾಯಿ ಕಟ್ಟಿಸಿಕೊಂಡು ಕುಳಿತರೆ ಊಟದ ಚಿಂತೆಯಿಲ್ಲ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ಮಧ್ಯಾಹ್ನ ಕಾಲಿಡಲು ಜಾಗವಿರುವುದಿಲ್ಲ. ವಾರದ ದಿನ ಬೆಳಿಗ್ಗೆ ಬನ್ನಿ, ಚಿಲ್ಲರೆ ಇಟ್ಟುಕೊಂಡಿರಿ. ತರಕಾರಿಯಾಗಿ ತಿನ್ನುವ ಬಿಳಿ ಶತಾವರಿಯ (ಆಸ್ಪ್ಯಾರಗಸ್) ಕಾಲ ಸಂಪ್ರದಾಯದಂತೆ ಜೂನ್ 24ಕ್ಕೆ ಮುಗಿಯುತ್ತದೆ. ಅದರೊಳಗೆ ಬಂದರೆ ಅಂಗಡಿಯಲ್ಲಿಯೇ ಸಿಪ್ಪೆ ತೆಗೆದುಕೊಡಲು ಕೇಳಿ, ಮನೆಯಲ್ಲಿ ಆ ಕೆಲಸ ಬಲು ಬೇಸರದ್ದು.