ಆಕ್ಟೇವಿಯಾ ಆರ್‌ಎಸ್ ಕಾರಿಗೆ ಆರ್9 ಪೆಟ್ರೋಲ್ ಹೋಸ್: ಮೂರು ಮಳೆಗಾಲದ ನಂತರ

ಒಂದು ಕಾರು ಕಾಸರಗೋಡು ಜಿಲ್ಲೆಯ ಉಪ್ಪಳದಲ್ಲಿ, ಕಡಲಿಗೆ ಹತ್ತಿರ. ಇನ್ನೊಂದು ಮುಳ್ಳೇರಿಯದ ಅಡಿಕೆ ತೋಟದ ಮನೆಯಲ್ಲಿ. ಎರಡೂ ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 1.8 ಲೀಟರ್ ಟರ್ಬೊ, 150 ಪಿಎಸ್. 2023ರ ಮೇ ತಿಂಗಳಲ್ಲಿ ಎರಡರದ್ದೂ ಇಂಜಿನ್ ಬದಿಯ ರಬ್ಬರ್ ಪೆಟ್ರೋಲ್ ಹೋಸ್ ತೆಗೆದು ಎಸ್‌ಎಇ ಜೆ30 (ಇಂಧನ ಹೋಸಿನ ಮಾನದಂಡ) ಪ್ರಕಾರದ ಆರ್9 ದರ್ಜೆಯದ್ದು ಹಾಕಲಾಯಿತು. ಹೋಸ್ ಇವತ್ತಿಗೂ ಗಟ್ಟಿಮುಟ್ಟಾಗಿ ಉಂಟು. ಕೈಕೊಟ್ಟದ್ದು ಅದನ್ನು ಬಿಗಿಯುವ ಕ್ಲಿಪ್.

ಅಂಗಡಿಯಲ್ಲಿ 'ಪೆಟ್ರೋಲ್ ಪೈಪ್' ಅಂತ ಕೇಳಿದರೆ ಸಾಮಾನ್ಯವಾಗಿ ಸಿಗುವುದು ಆರ್7, ಇಲ್ಲವೇ ಏನೂ ಅಚ್ಚಾಗದ ಕಪ್ಪು ಪೈಪ್. ಆರ್7 ಕಾರ್ಬ್ಯುರೇಟರಿಗೆ ಸಾಕು, ಈ ಇಂಜಿನಿಗೆ ಸಾಲದು. ಇದರ ಫ್ಯೂಯೆಲ್ ರೈಲಿನ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಪೈಪ್) ಒತ್ತಡ ನಿಯಂತ್ರಿಸುವ ರೆಗ್ಯುಲೇಟರ್ 3 ಬಾರ್ ಒತ್ತಡದ್ದು, ಅದಕ್ಕೆ ಇಂಜಿನಿಗೆ ಗಾಳಿ ಹೋಗುವ ಮ್ಯಾನಿಫೋಲ್ಡಿನಿಂದ ಒಂದು ಸಣ್ಣ ಪೈಪ್ ಹೋಗುತ್ತದೆ. ಟರ್ಬೊ ಗಾಳಿಯ ಒತ್ತಡ ಎಷ್ಟು ಏರಿತೋ ಪೆಟ್ರೋಲಿನ ಒತ್ತಡವೂ ಅಷ್ಟೇ ಏರುತ್ತದೆ. ಐಡ್ಲಿಂಗಿನಲ್ಲಿ ಸುಮಾರು 2.5 ಬಾರ್ ಇದ್ದದ್ದು, ಟರ್ಬೊ 0.6 ಬಾರ್ ಕೊಡುವಾಗ 3.6 ಆಗುತ್ತದೆ, ಅಂದರೆ 52 ಪಿಎಸ್‌ಐ. ಆರ್7ಗೆ ಹೇಳಿದ ಮಿತಿಯೇ 50. ಆರ್9ಗೆ 100. ಬೆಲೆ ಮೂರು ನಾಲ್ಕು ಪಟ್ಟು ಹೆಚ್ಚು, ಆದರೆ ಒಂದು ಕಾರಿಗೆ ಬೇಕಾಗುವುದು ಹೆಚ್ಚೆಂದರೆ ಎರಡು ಮೀಟರ್. ಇಲ್ಲಿ ಉಳಿತಾಯ ನೋಡಬಾರದು.

ಇನ್ನೊಂದು ಕಾರಣ ಎಥನಾಲ್. ಇ20 (ಶೇ. 20 ಎಥನಾಲ್ ಬೆರೆಸಿದ) ಪೆಟ್ರೋಲ್ ಮಾರಾಟ ದೇಶದಲ್ಲಿ ಶುರುವಾದದ್ದು 2023ರ ಫೆಬ್ರವರಿಯಲ್ಲಿ. ಈ ಕಾರುಗಳ ರಬ್ಬರ್ ಅದಕ್ಕಿಂತ ಎಷ್ಟೋ ವರ್ಷ ಹಿಂದಿನದು. ಹಳೆಯ ನೈಟ್ರೈಲ್ ರಬ್ಬರಿನ ಮೆದುತನ ಕಾಯುವ ಎಣ್ಣೆಯಂಶವನ್ನು ಎಥನಾಲ್ ಎಳೆದು ತೆಗೆಯುತ್ತದೆ. ಕಾರು ಓಡುತ್ತಾ ಇದ್ದರೆ ಹೋಸ್ ಉಬ್ಬಿಕೊಂಡೇ ಇರುತ್ತದೆ, ಸೋರುವುದಿಲ್ಲ. ಮಳೆಗಾಲದ ಆಟಿ ತಿಂಗಳಿಡೀ ಶೆಡ್ಡಿನಲ್ಲಿ ನಿಂತರೆ ಒಣಗಿ ಕುಗ್ಗಿ ಒಳಗಿನಿಂದ ಬಿರಿಯುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣಿಸದು. ಮೊದಲ ಸೂಚನೆ ಬೆಳಿಗ್ಗೆ ಬಾನೆಟ್ ಎತ್ತಿದಾಗ ಬರುವ ವಾಸನೆ. ಆರ್9 ಹೋಸಿನ ಒಳಪದರ ಫ್ಲೋರೊ ರಬ್ಬರ್, ಅದಕ್ಕೆ ಎಥನಾಲಿನ ಭಯ ಕಡಿಮೆ. ಮೂರು ವರ್ಷದ ಮೇಲೆ ರಿಟರ್ನ್ ಹೋಸಿನ (ಉಳಿದ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವುದು) ಒಂದು ತುಂಡು ಉದ್ದಕ್ಕೆ ಸೀಳಿ ನೋಡಿದರೆ ಒಳಮೈ ನುಣುಪಾಗಿಯೇ ಇತ್ತು, ಬೆರಳಿಗೆ ಕಪ್ಪು ಹತ್ತಲಿಲ್ಲ.

ಅಳತೆ ವರ್ನಿಯರಿನಲ್ಲೇ ತೆಗೆಯಿರಿ. 8 ಮಿ.ಮೀ. ಪೈಪಿಗೆ 5/16 ಇಂಚಿನ ಹೋಸ್ (7.9 ಮಿ.ಮೀ.) ಸರಿಯಾಗಿ ಕೂರುತ್ತದೆ. ಆದರೆ 6 ಮಿ.ಮೀ. ಪೈಪಿಗೆ ಕಾಲು ಇಂಚಿನದ್ದು ಆಗುವುದಿಲ್ಲ; ಅದು 6.35, ಸಡಿಲ. ಕ್ಲಿಪ್ ಬಿಗಿದು ಸರಿಮಾಡಲು ಹೋದರೆ ರಬ್ಬರ್ ಒಂದು ಕಡೆ ಮಡಚಿ ಅಲ್ಲಿಂದಲೇ ಜಿನುಗುತ್ತದೆ.

ಕೆಲಸ ಶುರುಮಾಡುವ ಮೊದಲು ಪಂಪಿನ ಫ್ಯೂಸ್ ತೆಗೆದು ಇಂಜಿನ್ ಸ್ಟಾರ್ಟ್ ಮಾಡಿ ತಾನಾಗಿ ಆಫ್ ಆಗುವವರೆಗೆ ಬಿಡಿ, ಎರಡು ಸಲ ಸೆಲ್ಫ್ ಹೊಡೆಯಿರಿ, ಟ್ಯಾಂಕಿನ ಮುಚ್ಚಳ ತೆರೆಯಿರಿ, ಬ್ಯಾಟರಿಯ ನೆಗೆಟಿವ್ ಕಳಚಿ. ಹೋಸ್ ಕಳಚುವ ಹೊತ್ತಿಗೆ ಇಂಜಿನ್ ಪೂರ್ತಿ ತಣ್ಣಗಿರಬೇಕು. ಹಳೆಯ ಹೋಸನ್ನು ತಿರುಚಿ ಎಳೆಯಬೇಡಿ. ಹೋಸ್ ಕೂರುವ ಇಪ್ಪತ್ತು ವರ್ಷದ ಪ್ಲಾಸ್ಟಿಕ್ ಮೂತಿ (ನಿಪ್ಪಲ್) ಬೇಗ ಮುರಿಯುತ್ತದೆ. ಮುರಿದರೆ ಸಣ್ಣ ಖರ್ಚಿನ ಕೆಲಸ ದೊಡ್ಡ ಖರ್ಚಿಗೆ ಹೋಗುತ್ತದೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿ, ಬ್ಲೇಡ್ ನಿಪ್ಪಲಿಗೆ ಗೀರದ ಹಾಗೆ. ಹೊಸ ಹೋಸನ್ನೂ ಹರಿತ ಬ್ಲೇಡಿನಿಂದಲೇ ನೇರ ಕತ್ತರಿಸಿ. ಗರಗಸ ಹಾಕಿದರೆ ರಬ್ಬರ್ ಪುಡಿ ಇಂಜೆಕ್ಟರಿಗೆ ಹೋಗುತ್ತದೆ. ಫೀಡ್ (ಟ್ಯಾಂಕಿನಿಂದ ಬರುವುದು) ಯಾವುದು, ರಿಟರ್ನ್ ಯಾವುದು ಎಂದು ಕಳಚುವ ಮೊದಲೇ ಟೇಪ್ ಸುತ್ತಿ ಗುರುತು ಮಾಡಿ. ಸುಮಾರು 25 ಮಿ.ಮೀ. ಒಳಗೆ ಹೋಗುವಂತೆ ತಳ್ಳಿ, ಕ್ಲಿಪ್ ನಿಪ್ಪಲಿನ ಉಬ್ಬಿನ ಹಿಂದೆ ಕೂರಲಿ. ಜಾರಲು ಒಂದು ಹನಿ ಪೆಟ್ರೋಲ್ ಸಾಕು. ಸಿಲಿಕೋನ್ ಹಚ್ಚಬೇಡಿ, ಅದು ಇಂಧನದ ಜೊತೆ ಹೋದರೆ ಆಕ್ಸಿಜನ್ ಸೆನ್ಸರ್ ಕೆಡುತ್ತದೆ.

ಟ್ಯಾಂಕಿನಿಂದ ಮುಂದಕ್ಕೆ ಬರುವ ನೈಲಾನ್ ಪೈಪ್ ಚೆನ್ನಾಗಿದ್ದರೆ ಮುಟ್ಟುವ ಅಗತ್ಯವಿಲ್ಲ. ನುಣುಪಾದ ನೈಲಾನಿನ ಮೇಲೆ ಹೋಸ್ ತೂರಿಸಿ ಕ್ಲಿಪ್ ಬಿಗಿಯುವುದು ದೊಡ್ಡ ತಪ್ಪು: ಒತ್ತಡಕ್ಕೆ ಪೈಪ್ ಚಪ್ಪಟೆಯಾಗುತ್ತದೆ, ಇಲ್ಲವೇ ಹೋಸ್ ಹಾರಿಹೋಗುತ್ತದೆ.

ಇನ್ನು ಕ್ಲಿಪ್. ಪಟ್ಟಿಯಲ್ಲಿ ತೂತು ಇರುವ ಸಾಮಾನ್ಯ ಕ್ಲಿಪ್ ಸಣ್ಣ ಹೋಸಿನ ಹೊರಪದರವನ್ನು ಕೊಯ್ಯುತ್ತದೆ. ಅಂಚು ಮಡಚಿದ, ನಟ್ಟು ಬೋಲ್ಟಿನ ಇಂಜೆಕ್ಷನ್ ಕ್ಲಿಪ್ ಬೇಕು. ಅದರ ಮೇಲಿನ ಗುರುತು ಓದಿ. ಡಬ್ಲ್ಯು1 ಪೂರ್ತಿ ಸತು ಲೇಪದ ಕಬ್ಬಿಣ. ಡಬ್ಲ್ಯು2ರಲ್ಲಿ ಪಟ್ಟಿ ಸ್ಟೇನ್‌ಲೆಸ್ ಸ್ಟೀಲು, ಸ್ಕ್ರೂ ಸತು ಲೇಪದ್ದು. ಡಬ್ಲ್ಯು4 ಪೂರ್ತಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು, ಡಬ್ಲ್ಯು5 ಆದರೆ 316. ಎರಡೂ ಕಾರಿಗೆ ಮೊದಲು ಹಾಕಿದ್ದು ಡಬ್ಲ್ಯು2. ಮುಳ್ಳೇರಿಯದಲ್ಲಿ ಇಂದಿಗೂ ಸರಿಯಾಗಿವೆ. ಉಪ್ಪಳದಲ್ಲಿ ಎರಡನೆಯ ಮಳೆಗಾಲ ಮುಗಿಯುವಾಗ ಸ್ಕ್ರೂಗಳೆಲ್ಲ ತುಕ್ಕು ಹಿಡಿದು ತಿರುಗುತ್ತಿರಲಿಲ್ಲ, ಎರಡು ಕತ್ತರಿಸಿಯೇ ತೆಗೆಯಬೇಕಾಯಿತು. ಮಂಜೇಶ್ವರದಿಂದ ಕುಂಬಳೆವರೆಗೆ ಕರಾವಳಿಯಲ್ಲಿ ಕಾರು ಇಡುವವರು ಡಬ್ಲ್ಯು4ಕ್ಕಿಂತ ಕೆಳಗಿನದ್ದು ಹಾಕಲೇಬಾರದು.

ಜೋಡಿಸಿದ ಮೇಲೆ ಕೀಲಿ ನಾಲ್ಕೈದು ಸಲ ಆನ್ ಆಫ್ ಮಾಡಿ, ಪ್ರತಿ ಜೋಡಣೆಯ ಸುತ್ತ ಒಣ ಟಿಶ್ಯೂ ಒತ್ತಿ ನೋಡಿ, ಆಮೇಲೆ ಸ್ಟಾರ್ಟ್ ಮಾಡಿ. ಹೊಸ ರಬ್ಬರ್ ಬಿಸಿಗೆ ಸ್ವಲ್ಪ ಕೂರುತ್ತದೆ. ಹಾಗಾಗಿ ಕಾಸರಗೋಡಿನಿಂದ ಮಂಗಳೂರಿಗೆ ಒಮ್ಮೆ ಹೋಗಿಬಂದು, ತಣ್ಣಗಾದ ಮೇಲೆ ಕ್ಲಿಪ್ಪುಗಳನ್ನು ಅರ್ಧ ಸುತ್ತಿನೊಳಗೆ ಮತ್ತೆ ಬಿಗಿಯಿರಿ.

ಮುಳ್ಳೇರಿಯದ ಕಾರಿಗೆ ಬಂದ ತೊಂದರೆ ಬೇರೆ: ಇಲಿ. ಹೊರಪದರದಲ್ಲಿ ಹಲ್ಲಿನ ಗುರುತು ಎರಡು ಕಡೆ. ನೂಲು ಪದರ ಕಾಣುವಷ್ಟು ಕಚ್ಚಿದ್ದರೆ ಆ ತುಂಡು ಪೂರ್ತಿ ಬದಲಾಯಿಸಬೇಕು, ಟೇಪ್ ಸುತ್ತುವುದಲ್ಲ. ಸ್ಟೀಲಿನ ಜಾಲರಿ ತೋಳು ಹಾಕಿದರೆ ಇಲಿ ತಡೆಯಬಹುದು, ಆದರೆ ಅದು ಬಿರುಕನ್ನೂ ಮುಚ್ಚುತ್ತದೆ. ಅದರ ಬದಲು ಉದ್ದಕ್ಕೆ ಸೀಳಿರುವ ವೈರಿಂಗಿನ ಪ್ಲಾಸ್ಟಿಕ್ ಕೊಳವೆ ಸಾಕು. ಬಿಡಿಸಿ ನೋಡಲು ಒಂದು ನಿಮಿಷವೂ ಬೇಡ.